ಉಪ್ಪು ಯಾವ ತಲೆಬರಹದ ಕೆಳಗೆ?

ಕಂಪ್ಯೂಟರಿನ ಪರದೆಯ ನೆತ್ತಿಯ ಮೇಲೆ ಫೈಲು, ಎಡಿಟ್ಟು, ವ್ಯೂ ಅಂತ ಸಾಲಾಗಿ ಕೂತಿರುತ್ತವಲ್ಲ, ಆ ಮೆನುಗಳಿಗೆ ಕನ್ನಡದಲ್ಲಿ ಹೆಸರಿಡುವುದಕ್ಕೆ ಒಂದು ಸಮಿತಿ ಮಾಡಿದ್ದರು. ನಿವೃತ್ತ ಕನ್ನಡ ಮೇಷ್ಟ್ರು ಎನ್ನುವ ಒಂದೇ ಅರ್ಹತೆಯ ಮೇಲೆ ನನ್ನನ್ನೂ ಅದರೊಳಗೆ ಎಳೆದುಕೊಂಡಿದ್ದರು. ಹೆಸರಿಡುವ ಕೆಲಸ ಬೇಗ ಮುಗಿಯಿತು. ಜಗಳ ಹತ್ತಿದ್ದು ಯಾವುದನ್ನು ಯಾವುದರ ಕೆಳಗೆ ಇಡಬೇಕು ಎನ್ನುವುದಕ್ಕೆ. ಕೆಲಸ ಮುಗಿಸಿ ಹೊರಗೆ ಹೋಗುವ ಆಜ್ಞೆ 'ಕಡತ'ದ ಕೆಳಗೆ ಯಾಕಿರಬೇಕು, ಹೊರಗೆ ಹೋಗಬೇಕೆನ್ನುವವನು ಕಡತದೊಳಗೆ ಯಾಕೆ ತಲೆ ಹಾಕುತ್ತಾನೆ ಎಂದು ಒಬ್ಬರು ಪಟ್ಟು ಹಿಡಿದು ಕೂತರು. ಅಲ್ಲಿದ್ದ ಎಂಜಿನಿಯರ್ ಹುಡುಗಿ ತಾಳ್ಮೆಯಿಂದ, "ಸರ್, ಅದು ಏನು ಅನ್ನೋದು ಮುಖ್ಯ ಅಲ್ಲ. ಜನ ಯಾವ ಕೆಲಸಕ್ಕೆ ಬಂದಿದ್ದಾರೆ ಅಂತ ನೋಡಿ ಜೋಡಿಸಬೇಕು," ಎಂದಳು.

ನನಗೆ ನಗು ತಡೆಯಲಾಗಲಿಲ್ಲ. ಅದೇ ಮಾತನ್ನು ಎಪ್ಪತ್ತರ ದಶಕದಲ್ಲಿ, ಮಂಡ್ಯದ ಒಂದು ತಗಡಿನ ಶೆಡ್ಡಿನಲ್ಲಿ, ಕೊರಳಿಗೆ ಸೀಟಿ ತೂಗುಹಾಕಿಕೊಂಡ ಒಬ್ಬರು ದಿನಾ ಹೇಳುತ್ತಿದ್ದರು. ಆ ಮಾತಿನ ದೆಸೆಯಿಂದ ಹೆಂಡತಿಯನ್ನೇ ಕಳೆದುಕೊಳ್ಳುವುದರಲ್ಲಿದ್ದರು. ಸಮಿತಿ ಸೇರಿದ ವಾರದಲ್ಲೇ ಅವರು ತೀರಿಕೊಂಡ ಸುದ್ದಿ ಬಂತು. ಅದಕ್ಕೇ ಈ ನಾಲ್ಕು ಮಾತು. ಹೆಸರು ಬೇಡ. ತಮ್ಮ ಹೆಸರು ಸತ್ತವರ ಸಾಲಿನಲ್ಲಿ ಸೇರಿತು ಎಂದರೆ, ಅದು ಸರಿಯಾದ ತಲೆಬರಹವೇ ಎಂದು ಅಲ್ಲಿಂದಲೇ ವಾದಕ್ಕೆ ಕೂತಾರು.

ಮೇಷ್ಟ್ರಾಗುವ ಮೊದಲು ನಾನು ಒಂದು ಖಾಸಗಿ ಬಸ್ ಕಂಪನಿಯಲ್ಲಿ ಟಿಕೆಟ್ ಕೊಡುವ ಗುಮಾಸ್ತನಾಗಿದ್ದೆ. ಆ ಕಂಪನಿ ಈಗಿಲ್ಲ. ಮದ್ದೂರು, ಮಳವಳ್ಳಿ, ಕೊಪ್ಪ, ದುದ್ದ ಕಡೆಗೆ ಅದರ ಬಸ್ಸುಗಳು ಓಡುತ್ತಿದ್ದವು. ಶೆಡ್ಡಿನ ಏಜೆಂಟರು ಅವರು. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕೆಂದು ನೋಡಿ ಸೀಟಿ ಊದುವುದು, ಕೇಳಿದವರಿಗೆ ದಾರಿ ಹೇಳುವುದು ಅವರ ಕೆಲಸ. ಇಸ್ತ್ರಿ ಮಾಡಿದ ಬಿಳಿ ಷರ್ಟು, ಹಣೆಯ ಮೇಲೆ ಸಣ್ಣ ಗಂಧದ ಬೊಟ್ಟು, ನನಗಿಂತ ಹತ್ತು ವರ್ಷಕ್ಕೆ ಹಿರಿಯರು.

ಯಾವ ಸಾಮಾನು ಕೈಗೆ ಬಂದರೂ ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, "ನೀನು ಯಾವುದಕ್ಕಪ್ಪಾ?" ಎಂದು ಕೇಳುವುದು ಅವರ ಅಭ್ಯಾಸ. ಪೆನ್ನಿಗೆ ಕೇಳುತ್ತಿದ್ದರು, ಯಾರೋ ಮರೆತು ಹೋದ ಕೊಡೆಗೆ ಕೇಳುತ್ತಿದ್ದರು. ಒಮ್ಮೆ ಶೆಡ್ಡಿನೊಳಗೆ ನುಗ್ಗಿದ ಮೇಕೆಗೂ ಕೇಳಿ, ಅದು ಉತ್ತರ ಕೊಡುವವರೆಗೆ ಎಂಬಂತೆ ಕಾದರು. ನಾನು ಕೆಲಸಕ್ಕೆ ಸೇರಿದ ದಿನ ನನ್ನನ್ನೂ ಅಡಿಯಿಂದ ಮುಡಿಯವರೆಗೆ ನೋಡಿ, "ನೀವು ಯಾವುದಕ್ಕೆ?" ಎಂದರು. "ಟಿಕೆಟ್ ಕೊಡೋದಕ್ಕೆ ಸಾರ್" ಎಂದಾಗ ಅವರಿಗಾದ ಸಂತೋಷ ಅಷ್ಟಿಷ್ಟಲ್ಲ.

ಅವರ ಮೇಜಿಗೆ ಮೂರು ಖಾನೆ. ಮೇಲಿನದಕ್ಕೆ 'ಕೂಡಲೇ', ನಡುವಿನದಕ್ಕೆ 'ಆಮೇಲೆ', ಕೆಳಗಿನದಕ್ಕೆ 'ಬೈಸಿಕೊಳ್ಳುವಾಗ' ಎಂದು ಬಿಳಿ ಬಣ್ಣದಲ್ಲಿ ಬರೆದಿದ್ದರು. ಕೆಳಗಿನ ಖಾನೆಯಲ್ಲಿ ಬಸ್ಸುಗಳ ವೇಳೆಯ ಕಾಗದ, ಜನರ ದೂರುಗಳು, ಮತ್ತು ಒಂದು ಬಾಚಣಿಗೆ. ಓನರು ಬಂದು ಕೂಗಾಡಲು ಶುರುಮಾಡಿದರೆ ಇವರು ಖಾನೆ ಎಳೆದು ತಲೆ ಬಾಚಿಕೊಂಡು, ಕೈ ಕಟ್ಟಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಬೈಸಿಕೊಳ್ಳುವಾಗ ಬಾಚಣಿಗೆಯೇ ಮೊದಲು ಬೇಕಾಗುವುದರಿಂದ ಅದಿರಬೇಕಾದ ಜಾಗ ಅದೇ ಎಂದು ಅವರ ವಾದ. 'ಇತರೆ' ಎಂಬ ಮಾತು ಕಂಡರೆ ಮಾತ್ರ ಅವರಿಗೆ ಮೈಯೆಲ್ಲ ಉರಿ.

"ಇತರೆ ಅಂದ್ರೆ ಏನ್ರೀ? ಯೋಚನೆ ಮಾಡಕ್ಕೆ ಸೋಮಾರಿತನ ಪಡೋರು ಇಟ್ಕೊಳ್ಳೋ ಗೋಣಿಚೀಲ!"

ಇದು ಶೆಡ್ಡಿನಲ್ಲೇ ಉಳಿದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಒಂದು ಭಾನುವಾರ ಅವರು ಬಣ್ಣದ ಡಬ್ಬ, ಬ್ರಷ್ಷು ಹಿಡಿದು ತಮ್ಮ ಮನೆಯ ಅಡುಗೆಮನೆಗೆ ಹೋದರು. ಬೇಳೆ, ಮೆಣಸಿನಕಾಯಿ, ಹುಣಸೆಹಣ್ಣು ಎಂದು ಡಬ್ಬಗಳನ್ನು ಇಡುವುದು ಶುದ್ಧ ದಡ್ಡತನ ಎಂದು ತೀರ್ಮಾನಿಸಿ, ಎಲ್ಲವನ್ನೂ ಕೆಲಸದ ಮೇಲೆ ವಿಂಗಡಿಸಿದರು. 'ಮೊದಲು ಬೇಯುವವು', 'ಒಗ್ಗರಣೆಗೆ ಹಾರುವವು', 'ನೆಂಟರು ಬಂದಾಗ', 'ನೆಂಟರು ಹೋಗದಿದ್ದಾಗ.' ಕೊನೆಗೆ ಉಪ್ಪು ಕೈಯಲ್ಲಿ ಉಳಿಯಿತು. ಉಪ್ಪು ಎಲ್ಲದಕ್ಕೂ ಬೇಕು. ಹಾಗಾಗಿ ಯಾವ ತಲೆಬರಹಕ್ಕೂ ಸೇರದು. ಬಹಳ ಹೊತ್ತು ಯೋಚಿಸಿ 'ಮರೆತರೆ ಕೆಡುವವು' ಎಂಬ ಹೊಸ ವರ್ಗ ಮಾಡಿದರು. ಅದರಲ್ಲಿ ಉಪ್ಪು, ಬಾಗಿಲ ಬೀಗದ ಕೈ, ರೇಷನ್ ಕಾರ್ಡು ಮತ್ತು ಗಡಿಯಾರಕ್ಕೆ ಕೀ ಕೊಡುವ ಕಡ್ಡಿ. ಇವನ್ನೆಲ್ಲ ಒಂದು ಟ್ರಂಕಿಗೆ ಹಾಕಿ, ಹೊರಗೆ ಹೋಗುವಾಗ ಕಣ್ಣಿಗೆ ಬೀಳಲಿ ಎಂದು ಬೀದಿಬಾಗಿಲ ಪಕ್ಕದಲ್ಲಿಟ್ಟರು.

ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಮಳವಳ್ಳಿಗೆ ಒಂದು ಮೈಲಿ ಈಚೆಗೆ, ರಸ್ತೆಯ ಮೇಲೆಯೇ ಅವರ ಅಣ್ಣನ ಮನೆ. ಅಕ್ಕನದು ಮಾತು ಕಡಿಮೆಯಾದರೂ ಆಡಿದ್ದು ನೆಟ್ಟಗೆ ತಾಗುತ್ತಿತ್ತು. ಸಾರು ಕುದಿಯುವಾಗ ಸೌಟು ಹಿಡಿದುಕೊಂಡೇ ಬೀದಿಬಾಗಿಲಿಗೆ ಓಡಿ, ಟ್ರಂಕಿನ ಚಿಲಕ ತೆಗೆದು, ಉಪ್ಪು ಹಿಡಿದು ಓಡಿಬರುವುದನ್ನು ಕೆಲವು ದಿನ ಸಹಿಸಿಕೊಂಡರು. ಒಂದು ದಿನ ಅಣ್ಣ ಊಟಕ್ಕೆ ಬಂದರು. ಏಜೆಂಟರು ಟ್ರಂಕಿಗೆ ಬೀಗ ಹಾಕಿಕೊಂಡು ಶೆಡ್ಡಿಗೆ ಬಂದುಬಿಟ್ಟಿದ್ದರು. ಆ ಅಣ್ಣ ಉಪ್ಪಿಲ್ಲದ ಸಾರಿನಲ್ಲಿ ಉಪ್ಪಿಲ್ಲದ ಪಲ್ಯ ನಂಚಿಕೊಂಡು, ಒಂದು ಮಾತೂ ಆಡದೆ ಉಂಡು ಕೈ ತೊಳೆದರು. ಬೈದಿದ್ದರೆ ಅಕ್ಕನಿಗೆ ಅಷ್ಟು ಅವಮಾನವಾಗುತ್ತಿರಲಿಲ್ಲ.

ಮಾರನೆಯ ದಿನ ಅಕ್ಕ ಅಣ್ಣನ ಜೊತೆ ನಮ್ಮ ಶೆಡ್ಡಿಗೇ ಬಂದು ಮಳವಳ್ಳಿ ಬಸ್ಸು ಹತ್ತಿ ಕೂತರು. ಇವರು ಕಿಟಕಿಯ ಹತ್ತಿರ ಹೋದರು.

"ಏನಿದು? ಎಲ್ಲಿಗೆ?"

"ಉಪ್ಪು ಎಲ್ಲಿದೆ ಅಂತ ಯೋಚನೆ ಮಾಡದೆ ಅಡುಗೆ ಮಾಡೋ ಮನೆಗೆ."

"ಯಾವಾಗ ಬರ್ತೀಯ?"

"ಕರೆಯೋಕೆ ಬಂದಾಗ. ಬರೋಕೆ ಮುಂಚೆ ನನ್ನನ್ನ ಯಾವ ಡಬ್ಬಕ್ಕೆ ಹಾಕಿದ್ದೀರಿ ಅಂತ ನೋಡ್ಕೊಂಡು ಬನ್ನಿ."

ಅಷ್ಟರಲ್ಲಿ ಹತ್ತೂವರೆಯಾಯಿತು. ಹೆಂಡತಿ ತವರಿಗೆ ಹೋಗುವ ಬಸ್ಸಿಗೆ ಸೀಟಿ ಊದಿದವರೂ ಅವರೇ. ಒಂದು ನಿಮಿಷ ತಡಮಾಡಬಹುದಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ಆದರೆ ವೇಳೆಯ ಕಾಗದ 'ಬೈಸಿಕೊಳ್ಳುವಾಗ' ಖಾನೆಯಲ್ಲಿತ್ತಲ್ಲ.

ಅಂದಿನಿಂದ ಮಳವಳ್ಳಿಯಿಂದ ಬರುವ ಪ್ರತಿ ಬಸ್ಸಿಗೂ ಅವರು ಕೆಲಸ ಬಿಟ್ಟು ಎದ್ದು ನಿಲ್ಲುತ್ತಿದ್ದರು. ಕೊನೆಯ ಪ್ರಯಾಣಿಕ ಇಳಿಯುವವರೆಗೆ ಬಾಗಿಲನ್ನೇ ನೋಡಿ, ಆಮೇಲೆ ಬಸ್ಸಿನ ಚಕ್ರ ಪರೀಕ್ಷಿಸುವವರಂತೆ ಬಗ್ಗುತ್ತಿದ್ದರು. ನೋಡಲಾರದೆ ನಾನೇ ಒಂದು ದಿನ, "ಹೋಗಿ ಕರ್ಕೊಂಡು ಬನ್ನಿ ಸಾರ್. ನಿಮ್ಮದೇ ಬಸ್ಸು," ಎಂದೆ.

"ಏನಂತ ಹೋಗ್ಲಿ? ಕ್ಷಮೆ ಕೇಳೋಕಾ? ನ್ಯಾಯ ಕೇಳೋಕಾ? ನೋಡ್ಕೊಂಡು ಬರೋಕಾ? ಯಾವುದಕ್ಕೆ ಅಂತ ಗೊತ್ತಿಲ್ಲದೆ ಬಸ್ ಹತ್ತೋ ಮನುಷ್ಯ ಅಲ್ಲ ಕಣ್ರೀ ನಾನು."

ಮನೆಯಲ್ಲಿ ಜೋಡಿಸಲು ಏನೂ ಉಳಿಯದಿದ್ದುದರಿಂದ ಅವರ ಕಣ್ಣು ಶೆಡ್ಡಿನ ದೊಡ್ಡ ಬೋರ್ಡಿನ ಮೇಲೆ ಬಿತ್ತು. ಅದರ ಮೇಲೆ ಊರುಗಳ ಹೆಸರು, ಮುಂದೆ ವೇಳೆ, ಅಷ್ಟೇ ಇತ್ತು. "ಜನ ಊರಿಗೆ ಹೋಗಲ್ಲ ಕಣ್ರೀ, ಕೆಲಸಕ್ಕೆ ಹೋಗ್ತಾರೆ. ಮಳವಳ್ಳಿ ಯಾವನಿಗೆ ಬೇಕು? ಮಳವಳ್ಳೀಲಿ ಆಗೋ ಕೆಲಸ ಬೇಕು," ಎಂದು ಹೇಳಿ ಬೋರ್ಡಿಗೆ ಕಪ್ಪು ಬಳಿದರು. ಮಾರನೆಯ ಬೆಳಿಗ್ಗೆ ನಾನು ಬರುವ ಹೊತ್ತಿಗೆ ಒಂದು ಊರಿನ ಹೆಸರೂ ಇರಲಿಲ್ಲ. 'ಕಚೇರಿ ಕೆಲಸ', 'ವ್ಯಾಪಾರ', 'ಶುಭಕಾರ್ಯ', 'ಸಾವು-ತಿಥಿ', 'ಜಗಳ ತೀರ್ಮಾನ' ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಶುಭಕಾರ್ಯದ ಒಳಗೆ ಮತ್ತೆ ಹೆಣ್ಣು ನೋಡುವುದು, ಒಪ್ಪಿಗೆ ಹೇಳುವುದು, ಒಪ್ಪಿಗೆ ಇಲ್ಲವೆಂದು ಹೇಳುವುದು. ಪ್ರತಿಯೊಂದರ ಮುಂದೆ ಬಸ್ಸಿನ ವೇಳೆ. ಮಳವಳ್ಳಿಗೆ ಹತ್ತೂವರೆಗೆ ಇದ್ದದ್ದು ಒಂದೇ ಬಸ್ಸು, ಆದರೆ ಬೋರ್ಡಿನ ಮೇಲೆ ಅದು ಐದಾರು ಕಡೆ ಕೂತಿತ್ತು.

ಹತ್ತು ಗಂಟೆಗೆ ದುದ್ದದಿಂದ ಒಂದು ಹೆಣ್ಣು ನೋಡುವ ಗುಂಪು ಬಂದಿಳಿಯಿತು. ಪೇಟ ಸುತ್ತಿದ ಯಜಮಾನರೊಬ್ಬರು, ಹೊಸ ಷರ್ಟಿನ ಗಂಡು, ಹೂ ಮುಡಿದ ಹೆಂಗಸರು, ತಟ್ಟೆಯಲ್ಲಿ ವೀಳ್ಯದೆಲೆ, ಬಾಳೆಹಣ್ಣು. ಮಳವಳ್ಳಿ ಬಸ್ಸು ಅಲ್ಲೇ ನಿಂತಿತ್ತು. ಅದರೊಳಗೆ ಆಗಲೇ ತಿಥಿಗೆ ಹೋಗುವ ಆರೇಳು ಜನ ಊಟದ ಎಲೆಯ ಕಟ್ಟು ಇಟ್ಟುಕೊಂಡು ಕೂತಿದ್ದರು. ಗಂಡು ಸ್ವಲ್ಪ ಓದಿದವನು. ಬೋರ್ಡನ್ನೆಲ್ಲ ಗಟ್ಟಿಯಾಗಿ ಓದಿ ಹೇಳಿದ. ಯಜಮಾನರು ಏಜೆಂಟರ ಹತ್ತಿರ ಬಂದರು.

"ಸ್ವಾಮಿ, ಸುಬಕಾರ್ಯದ ಬಸ್ಸು ಎಷ್ಟೊತ್ಗೆ?"

"ಹತ್ತೂವರೆ."

"ಸಾವಿಂದು?"

"ಅದೂ ಹತ್ತೂವರೆ."

"ಇಲ್ಲಿ ನಿಂತದಲ್ಲ, ಇದ್ಯಾವ್ದು?"

"ಎರಡೂ ಇದೇ."

"ಎಲ್ಡೂನಾ?" ಯಜಮಾನರು ಒಂದು ಹೆಜ್ಜೆ ಹಿಂದೆ ಸರಿದರು. "ಸಾವಿನ ಬಸ್ಸಲ್ಲಿ ಕೂತ್ಕಂಡು ಹೆಣ್ಣು ನೋಡಕ್ಕೆ ಓಗಾದಾ? ಬುಡಿ ಬುಡಿ. ಇದು ಓಗ್ಲಿ. ನಮ್ಮ ಬಸ್ಸು ಬಂದ್ಮೇಲೆ ಅತ್ತುತೀವಿ."

"ಬಸ್ಸು ಒಂದೇ ಯಜಮಾನ್ರೇ. ತಲೆಬರಹ ಮಾತ್ರ ಬೇರೆ."

"ಬರ್ದೋರು ನೀವು. ಬೇರೆ ಬೇರೆ ಅಂತ ಬರ್ದ್‌ಬುಟ್ಟು ಈಗ ಒಂದೇ ಅಂದ್ರೆ ಎಂಗೆ?"

ಅಷ್ಟರಲ್ಲಿ ಬಸ್ಸಿನೊಳಗಿಂದ ತಿಥಿಯ ಕಡೆಯ ಹೆಂಗಸೊಬ್ಬಳು ಕಿಟಕಿಗೆ ಮುಖ ತಂದಳು. "ಅವ್ರನ್ನ ಅತ್ತಿಸ್ಬ್ಯಾಡಿ ಸ್ವಾಮಿ. ಅವ್ರು ಊ ಮುಡ್ಕಂಡು ನಗ್ತಾ ಕೂತ್ರೆ ನಾವು ಅಳಾದೆಂಗೆ?"

ನಿನ್ನೆಯವರೆಗೆ ಇದೇ ಬಸ್ಸಿನಲ್ಲಿ ಮದುವೆಯವರು, ಸಾವಿನವರು, ಕೋಳಿ, ಕುರಿ ಎಲ್ಲ ಒಂದೇ ಸೀಟಿನಲ್ಲಿ ಕೂತು ಹೋಗುತ್ತಿದ್ದವು. ಯಾರಿಗೂ ಏನೂ ಅನಿಸಿರಲಿಲ್ಲ. ಹೆಸರು ಬರೆದು ತೋರಿಸಿದ ಮೇಲೆ ಎಲ್ಲರಿಗೂ ತಮ್ಮದು ಬೇರೆ ಬಸ್ಸು ಎಂದು ಖಾತ್ರಿಯಾಗಿಬಿಟ್ಟಿತು. ಹತ್ತೂವರೆ ದಾಟಿತು. ಹನ್ನೊಂದಾಯಿತು. ಡ್ರೈವರು ಬೀಡಿ ಮೇಲೆ ಬೀಡಿ ಸೇದಿದ. ಕೊನೆಗೆ ಏಜೆಂಟರು ಅವನ ಹತ್ತಿರ ಹೋಗಿ, "ಶೆಡ್ಡಿಗೆ ಒಂದು ಸುತ್ತು ಹಾಕಿ ಬಾರಪ್ಪ," ಎಂದರು.

"ಯಾಕ್ ಸಾರ್?"

"ಇನ್ನೊಂದು ಬಸ್ಸಾಗಿ ಬರಬೇಕು."

ತಿಥಿಯವರು ಕೂತಿದ್ದಂತೆಯೇ ಬಸ್ಸು ಒಂದು ಗೇಟಿನಿಂದ ಹೊರಗೆ ಹೋಗಿ, ಶೆಡ್ಡಿನ ಹಿಂದೆ ಹಾದು, ಇನ್ನೊಂದು ಗೇಟಿನಿಂದ ಒಳಗೆ ಬಂತು. ಹಿಂದುಗಡೆ ನಿಂತಾಗ ಕಂಡಕ್ಟರು ಅದರ ಮೂತಿಗೆ ಚೆಂಡುಹೂವಿನ ಸರ ಕಟ್ಟಿದ್ದ, ಚಕ್ರಕ್ಕೆ ನಿಂಬೆಹಣ್ಣು ಇಟ್ಟಿದ್ದ. ತಿಥಿಯವರು ಹಿಂದಿನ ಸೀಟಿಗೆ ಸರಿದಿದ್ದರು. ಏಜೆಂಟರು ಗಂಭೀರವಾಗಿ, "ಶುಭಕಾರ್ಯದ ಬಸ್ಸು! ಶುಭಕಾರ್ಯದವರು ಹತ್ತಬಹುದು!" ಎಂದು ಕೂಗಿದರು. ಯಜಮಾನರು ಬಲಗಾಲಿಟ್ಟು ಹತ್ತಿ, ಹಿಂದೆ ತಿರುಗಿ ನೋಡಿ, ಅದೇ ಜನ ಅಲ್ಲೇ ಕೂತಿರುವುದನ್ನು ಕಂಡೂ, "ಈಗ ಸರೋಯ್ತು," ಎಂದರು.

ಏಜೆಂಟರು ಗೆದ್ದೆ ಎಂದುಕೊಂಡರು. ನಿಜವಾದ ಪೆಟ್ಟು ಬಿದ್ದದ್ದು ಸಂಜೆ. ಮಂಡ್ಯ ಜಿಲ್ಲೆಗೆ ದೊಡ್ಡ ಊರು. ಸುತ್ತಲಿನ ಜನ ಬೆಳಿಗ್ಗೆ ಆಸ್ಪತ್ರೆಗೆ, ಕಚೇರಿಗೆ, ಅಂಗಡಿಗೆ ಬಂದು ಸಂಜೆ ಹಿಂದಿರುಗುತ್ತಾರೆ. ಐದು ಗಂಟೆಗೆ ಶೆಡ್ಡು ತುಂಬಿತು. ಸಾಲಿನ ಮುಂದೆ ಕೊಪ್ಪ ಕಡೆಯ ಒಬ್ಬ ಅಜ್ಜಿ. ಆಸ್ಪತ್ರೆಯಲ್ಲಿ ಮಗಳ ಕೂಸನ್ನು ನೋಡಿ ಬಂದಿದ್ದಳು. ಇವರು ತಮ್ಮ ಬೋರ್ಡಿನ ಪಕ್ಕ ನಿಂತು ಕೇಳಿದರು.

"ಯಾವ ಕೆಲಸಕ್ಕೆ ಹೋಗ್ತಿದ್ದೀಯಮ್ಮಾ?"

"ಕೆಲ್ಸ ಆಯ್ತು ಕಣಪ್ಪ."

"ಆಗಿದ್ದಲ್ಲ. ಈಗ ಹೋಗ್ತಿರೋದು ಯಾವುದಕ್ಕೆ?"

"ಮನೆಗೆ."

"ಮನೇಲೇನು ಕೆಲಸ?"

"ಏನೂ ಇಲ್ಲ. ಮನೆ ಅಲ್ವಾ, ಓಯ್ತೀನಿ."

ಏಜೆಂಟರು ಬೋರ್ಡಿನ ಕಡೆ ತಿರುಗಿದರು. ಮೇಲಿಂದ ಕೆಳಗೆ ಬೆರಳಿಟ್ಟು ಹುಡುಕಿದರು. ಕಚೇರಿ, ವ್ಯಾಪಾರ, ಶುಭ, ಸಾವು, ಜಗಳ. ಅಜ್ಜಿಗೆ ಓದು ಬರುತ್ತಿರಲಿಲ್ಲ, ಆದರೆ ಹುಡುಕುವವರ ಮುಖ ಓದುವುದಕ್ಕೆ ಬರುತ್ತಿತ್ತು.

"ಮನೆಗೆ ಓಗಾದು ಅಂತ ಒಂದ್ ಕಡೆನೂ ಬರ್ದಿಲ್ವಾ? ಯಾಕಪ್ಪ, ನಿಂಗೆ ಮನೆ ಇಲ್ವಾ?"

ಹಿಂದೆ ಸಾಲಿನಲ್ಲಿದ್ದವರು ಘೊಳ್ಳೆಂದು ನಕ್ಕರು. "ನಮ್ದೂ ಮನೆಗೇ ಕಣ್ ಸಾಮಿ!" ಎಂದು ಒಬ್ಬ ಕೂಗಿದ. "ನಮ್ದೂವೆ!" ಎಂದು ಇನ್ನೊಬ್ಬ. ಇಡೀ ಶೆಡ್ಡಿನಲ್ಲಿ ಬೇರೆ ಯಾವ ಕೆಲಸಕ್ಕೆ ಹೋಗುವವನೂ ಇರಲಿಲ್ಲ. ಅಜ್ಜಿ ಮಾತ್ರ ನಗಲಿಲ್ಲ. "ಮನೇಲಿ ಯಾರೂ ಇಲ್ವೇನಪ್ಪ?" ಎಂದು ಮೆಲ್ಲಗೆ ಕೇಳಿದಳು. ಏಜೆಂಟರು ಸೀಟಿಯನ್ನು ತುಟಿಗೆ ಇಟ್ಟುಕೊಂಡವರು ಊದಲೇ ಇಲ್ಲ. ಕೊಪ್ಪ ಬಸ್ಸನ್ನು ನಾನೇ ತಗಡು ಬಡಿದು ಕಳಿಸಬೇಕಾಯಿತು.

ಮಾರನೆಯ ಬೆಳಿಗ್ಗೆ ಬೋರ್ಡಿನ ತುದಿಯಲ್ಲಿ 'ಮನೆಗೆ ಹೋಗುವುದು' ಎಂದು ಬರೆದು ಎಲ್ಲ ಬಸ್ಸುಗಳನ್ನೂ ಅದರ ಕೆಳಗೆ ತಂದಿದ್ದರು. ಆಮೇಲೆ ಬ್ರಷ್ಷು ಹಿಡಿದು ಅದರ ಮುಂದೆಯೇ ನಿಂತಿದ್ದರು. ತಾವು ಯಾವುದರ ಕೆಳಗೆ ಬರುತ್ತೇವೆಂದು ಅವರಿಗೆ ತಿಳಿಯಲಿಲ್ಲ. ಅವರ ಮನೆ ಮಂಡ್ಯದಲ್ಲೇ ಇತ್ತು. ಅಲ್ಲಿಗೆ ಹೋಗಲು ಬಸ್ಸು ಬೇಕಿರಲಿಲ್ಲ.

ಹೊತ್ತು ಏರುವುದರೊಳಗೆ ಮದ್ದೂರಿನಿಂದ ಓನರು ಬಂದರು. ಶೆಡ್ಡಿಗೆ ಸುತ್ತು ಹಾಕಿದ ಬಸ್ಸಿನ ಕಥೆ ಅವರಿಗೆ ಆಗಲೇ ತಲುಪಿತ್ತು.

"ಏನಯ್ಯಾ ಇದು? ಬಸ್ಸು ಎಲ್ಲಿಗೆ ಓಯ್ತದೆ ಅಂತ ಬರಿ ಅಂದ್ರೆ, ಜನ ಯಾಕ್ ಓಯ್ತಾರೆ ಅಂತ ಬರ್ದಿದ್ದೀಯಲ್ಲ! ಅವ್ರು ಯಾಕಾರ ಓಗ್ಲಿ, ನಿಂಗ್ಯಾಕೆ?"

ಏಜೆಂಟರು ಕೆಳಗಿನ ಖಾನೆ ಎಳೆದು ತಲೆ ಬಾಚಿಕೊಂಡರು. ಎಲ್ಲವನ್ನೂ ಕೇಳಿಸಿಕೊಂಡರು. ನಾಳೆಗೆ ಊರಿನ ಹೆಸರು ವಾಪಸು ಬರದಿದ್ದರೆ ಕೆಲಸ ಬಿಟ್ಟು ಹೊರಡು ಎಂದಾಗ, "ಬರೀತೀನಿ," ಎಂದರು. "ಇವತ್ತೊಂದು ದಿನ ಈ ಬೋರ್ಡು ಇರಲಿ. ಒಬ್ಬ ಪ್ರಯಾಣಿಕ ಬಾಕಿ ಇದ್ದಾನೆ."

ಓನರು ಗೊಣಗಿಕೊಂಡು ಹೋದ ಮೇಲೆ, ಬೋರ್ಡಿನ ತಳದಲ್ಲಿ ಉಳಿದಿದ್ದ ಒಂದು ಗೇಣು ಜಾಗದಲ್ಲಿ ಅವರು ಬರೆದರು: 'ಕರೆದುಕೊಂಡು ಬರುವುದು.' ಮುಂದೆ, ಹತ್ತೂವರೆ. ಬ್ರಷ್ಷು ಒರೆಸಿಟ್ಟು ನನ್ನ ಕಿಟಕಿಗೆ ಬಂದರು.

"ಒಂದು ಟಿಕೆಟ್ ಕೊಡಿ."

"ನಿಮಗ್ಯಾಕೆ ಸಾರ್ ಟಿಕೆಟ್ಟು, ಪಾಸಿದೆಯಲ್ಲ?"

"ಪಾಸು ಕಂಪನಿ ಕೆಲಸಕ್ಕೆ. ಇದು ನನ್ನದು."

ಕೊರಳಿನ ಸೀಟಿ ತೆಗೆದು ನನ್ನ ಕೈಗೆ ಕೊಟ್ಟು ಬಸ್ಸು ಹತ್ತಿದರು. ಊದಿದವನು ನಾನು. ಎಷ್ಟು ಜೋರಾಗಿ ಊದಿದೆನೆಂದರೆ ಡ್ರೈವರು ಹೊರಗೆ ತಲೆ ಹಾಕಿ ಬೈದ.

ಅಂದು ಸಂಜೆ ಬಸ್ಸಿನ ಹೊತ್ತಿಗೆ ಶೆಡ್ಡಿನವರೆಲ್ಲ ಏನೇನೋ ನೆವ ಹೇಳಿಕೊಂಡು ಅಲ್ಲೇ ಇದ್ದೆವು. ಕಾಫಿ ಮಾರುವವನೂ ಮನೆಗೆ ಹೋಗಿರಲಿಲ್ಲ. ಬಸ್ಸು ಬಂತು. ಜನ ಇಳಿದರು. ಒಂದು ಕುರಿ ಇಳಿಯಿತು. ಆಮೇಲೆ ಏಜೆಂಟರು ಒಬ್ಬರೇ ಇಳಿದು ನಿಂತರು. ಅವರು ಹಿಂದೆ ತಿರುಗಿ ಕೈ ಚಾಚಿದರು. ಒಳಗಿಂದ ಮೊದಲು ಒಂದು ಹಲಸಿನಹಣ್ಣು ಬಂತು, ಅದರ ಹಿಂದೆ ಅಕ್ಕ.

ಅಲ್ಲಿ ನಡೆದದ್ದನ್ನು ಕಂಡಕ್ಟರು ಕಣ್ಣಾರೆ ನೋಡಿದ್ದ. ಬೆಳಿಗ್ಗೆ ಇವರನ್ನು ಇಳಿಸುವಾಗ ಅಕ್ಕ ಅಣ್ಣನ ಮನೆಯ ಬಾಗಿಲಲ್ಲೇ ನಿಂತಿದ್ದರಂತೆ. ಅವನು ಬಸ್ಸು ಹೊರಡಿಸದೆ ಕಿವಿಗೊಟ್ಟು ನಿಂತನಂತೆ.

"ಏನಂದ್ರೋ?" ಎಂದೆ.

"ಜಾಸ್ತಿ ಮಾತೇ ಇಲ್ಲ ಕಣ್ಲಾ. ಅಕ್ಕಾವ್ರು, 'ಉಪ್ಪು ಎಲ್ಲದೆ?' ಅಂದ್ರು. ಸ್ವಾಮೇರು, 'ಒಲೆ ಪಕ್ಕ' ಅಂದ್ರು. ಅಷ್ಟೇಯ. ಅಕ್ಕಾವ್ರು ಒಳಕ್ ಓಗಿ ಬಟ್ಟೆ ಕಟ್ಕಂಡ್ರು."

ಅಕ್ಕ ಶೆಡ್ಡು ದಾಟುವಾಗ ಬೋರ್ಡಿನ ಮುಂದೆ ನಿಂತು ಪೂರ್ತಿ ಓದಿದರು. ಕೊನೆಯ ಸಾಲಿಗೆ ಬಂದಾಗ, "ಇದಕ್ಕೆ ಒಂದೇ ಬಸ್ಸಾ?" ಎಂದರು. "ಒಂದೇ," ಎಂದರು ಇವರು. ಅಕ್ಕ ಹಲಸಿನಹಣ್ಣನ್ನು ಅವರ ತಲೆಯ ಮೇಲೆ ಹೊರಿಸಿ ಮುಂದೆ ನಡೆದರು.

ಮರುದಿನ ಊರಿನ ಹೆಸರುಗಳು ವಾಪಸು ಬಂದವು. ಬಣ್ಣದ ಡಬ್ಬ ಮತ್ತೆಂದೂ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಹೊಸ್ತಿಲ ಈಚೆಗೆ ಮಾತ್ರ ಕೊನೆಯವರೆಗೂ ಅವರದೇ ರಾಜ್ಯ. ಚಪ್ಪಲಿಗೊಂದು ತಲೆಬರಹ, ಔಷಧಿಗೊಂದು ತಲೆಬರಹ. ನಾನು ಮೇಷ್ಟ್ರಾಗಿ ಬೇರೆ ಊರಿಗೆ ಹೋದ ಮೇಲೂ ಮಂಡ್ಯಕ್ಕೆ ಬಂದಾಗಲೆಲ್ಲ ಅವರ ಮನೆಗೆ ಹೋಗುತ್ತಿದ್ದೆ. "ಯಾವುದಕ್ಕೆ ಬಂದ್ರಿ?" ಎಂದು ಕೇಳುತ್ತಿದ್ದರು. "ಸುಮ್ಮನೆ" ಎಂದರೆ ಒಂದು ಕ್ಷಣ ಚಿಂತೆಗೆ ಬಿದ್ದು, ಆಮೇಲೆ ಕೂರಿಸುತ್ತಿದ್ದರು.

ಸುದ್ದಿ ಬಂದ ಮೇಲೆ ಹೋದೆ. ಮನೆ ತುಂಬ ನೆಂಟರು, ಮಕ್ಕಳು, ಗದ್ದಲ. ಅಕ್ಕ ಗೋಡೆಗೆ ಒರಗಿ ಕೂತಿದ್ದರು. ಮಡಿಲಲ್ಲಿ ಏಜೆಂಟರ ಕನ್ನಡಕ, ಅದರ ಜೊತೆಗೆ ಆ ಹಳೆಯ ಸೀಟಿ. ಕಂಪನಿ ಮುಚ್ಚಿದಾಗ ಅದನ್ನು ಮನೆಗೆ ತಂದಿದ್ದರೆಂದು ನನಗೆ ಗೊತ್ತಿರಲಿಲ್ಲ. ನನ್ನನ್ನು ನೋಡಿ ಅಕ್ಕ ಅಳಲಿಲ್ಲ, ಹತ್ತಿರ ಕರೆದರು.

"ನೀನು ಈಗ ಅದೇನೋ ಕಂಪ್ಯೂಟರಿಗೆ ಇವರ ಥರಾನೇ ತಲೆಬರಹ ಬರೀತೀಯಂತಲ್ಲಪ್ಪ. ಹೇಳು, ಇವನ್ನ ಎಲ್ಲಿಡ್ಲಿ? ಬೆಳಿಗ್ಗೆಯಿಂದ ಮನೆಯೆಲ್ಲಾ ಸುತ್ತಿದೆ. ಇವರು ಬರೆದಿರೋ ಒಂದರಲ್ಲೂ ಸೇರ್ತಿಲ್ಲ. ಇವರನ್ನೇ ಕೇಳ್ಬೇಕಿತ್ತು."

ಸಮಿತಿಯಲ್ಲಿ ಕಲಿತದ್ದು ಯಾವುದೂ ಉಪಯೋಗಕ್ಕೆ ಬರಲಿಲ್ಲ. ನನಗೂ ಅಳು ಬಂತು, ಅತ್ತೆ. ಅಕ್ಕ ಗೋಡೆ ಹಿಡಿದು ಮೇಲೆದ್ದರು.

"ಹೋಗ್ಲಿ ಬಿಡು, ಒಲೆ ಪಕ್ಕ ಉಪ್ಪಿನ ಜೊತೆ ಇಡ್ತೀನಿ. ಅದೊಂದು ನನಗೆ ಯಾವಾಗ್ಲೂ ಕೈಗೆ ಸಿಗುತ್ತೆ."